ತುಕ್ರಜ್ಜನ ಮರಿಮಗ ವಿಹಾನ್: ಹೆಸರುಗಳ ಕುರಿತು ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಮೂಡುಬಿದಿರೆಯ ಹಿರಿಯ ಓದುಗರೊಬ್ಬರು, ಮೊಮ್ಮಗನ ಹೆಸರು ತಮ್ಮ ನಾಲಗೆಗೆ ಹೊರಳುವುದಿಲ್ಲವೆಂದೂ ಆದ್ದರಿಂದ ಅವನನ್ನು ‘ಪುಟ್ಟ’ ಎಂದಷ್ಟೇ ಕರೆಯುತ್ತಿರುವುದಾಗಿಯೂ ಎರಡು ಸಾಲಿನ ಪತ್ರ ಬರೆದಿದ್ದರು. ಅದನ್ನು ಓದಿದ ಅನೇಕರು ತಮ್ಮ ಮನೆಯ ಹೆಸರುಗಳ ವಿಚಾರವನ್ನು ಬರೆದು ಕಳುಹಿಸಿದ್ದಾರೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಹೆಸರುಗಳಿಗೇ ಬಿಟ್ಟಿದ್ದೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಅಧ್ಯಾಪಕನಾಗಿ ಹಾಜರಿ ಪುಸ್ತಕ ಹಿಡಿದು ಮಕ್ಕಳ ಹೆಸರು ಕೂಗಿದವನಾದ ನನಗೆ ಈ ವಿಷಯ ತುಂಬ ಹತ್ತಿರದ್ದು. ಮನೆಯೊಳಗಿನ ಮಾತುಗಳಾದ್ದರಿಂದ ಪತ್ರ ಬರೆದವರ ಗುರುತು ಕೊಟ್ಟಿಲ್ಲ.

ಪ್ರಶ್ನೆ: ಮಾನ್ಯರೇ, ನನ್ನ ಅಜ್ಜನ ಹೆಸರು ತುಕ್ರ, ತಂದೆಯವರ ಹೆಸರು ಸುಧಾಕರ, ನನ್ನ ಹೆಸರು ರಕ್ಷಿತ್. ಈಗ ಹುಟ್ಟಿರುವ ಮಗನಿಗೆ ವಿಹಾನ್ ಎಂದು ಇಡಬೇಕೆಂಬುದು ನನ್ನ ಹೆಂಡತಿಯ ಆಸೆ. ಒಂದೇ ಮನೆಯ ನಾಲ್ಕು ತಲೆಮಾರಿನ ಹೆಸರುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತಿವೆ. ಇದು ಹೀಗೇಕಾಯಿತು? ನಾವು ಏನನ್ನಾದರೂ ಕಳೆದುಕೊಂಡೆವೇ? (ಬಂಟ್ವಾಳ ತಾಲೂಕು)

ಉತ್ತರ: ನಿಮ್ಮ ಅಜ್ಜನ ಹೆಸರಿನಿಂದಲೇ ಆರಂಭಿಸುತ್ತೇನೆ. ತುಕ್ರ ಎಂದರೆ ಶುಕ್ರವಾರ ಹುಟ್ಟಿದವನು. ತುಳುವಿನ ಒಳಭೇದಗಳಲ್ಲಿ ಸಕಾರದ ಜಾಗದಲ್ಲಿ ತಕಾರ ಬರುವುದುಂಟಾದ್ದರಿಂದ ಸುಕ್ರನು ತುಕ್ರನಾಗುತ್ತಾನೆ, ಸನಿಯನು ತನಿಯನಾಗುತ್ತಾನೆ. ಭಾನುವಾರ ಹುಟ್ಟಿದವನು ಐತ, ಸೋಮವಾರದವನು ಸೋಮ ಅಥವಾ ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ. ಇಂದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಜನ ಭಕ್ತಿಯಿಂದ ನಂಬುವ ದೈವ ಕೊರಗಜ್ಜನ ಹುಟ್ಟುಹೆಸರೂ ತನಿಯ ಎಂದೇ. ಮಗು ಯಾವ ವಾರ ಹುಟ್ಟಿತೆಂದು ತಿಳಿದರೆ ಅದರ ಹೆಸರೂ ತಿಳಿದಂತೆಯೇ ಆಗುತ್ತಿತ್ತು. ಆರಿಸುವ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ.

ಆದರೆ ಇದನ್ನು ಬರಿಯ ಹಳ್ಳಿಯ ಸರಳತೆಯೆಂದು ಮೆಚ್ಚಿಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ಭಾನುವಾರದ ಹೆಸರು ಭೂಮಾಲೀಕರ ಗುತ್ತಿನ ಮನೆಯ ಚಾವಡಿಯಲ್ಲಿ ‘ಅಪ್ಪ’ನನ್ನು ಕೂಡಿಕೊಂಡು ಐತಪ್ಪ ಎಂದು ಮರ್ಯಾದೆಯಿಂದ ಕೇಳಿಸುತ್ತಿತ್ತು, ಆ ಮನೆಯ ಗದ್ದೆಯಲ್ಲಿ ದುಡಿಯುವವರ ಬಿಡಾರದಲ್ಲಿ ಅದು ಬಹುಮಟ್ಟಿಗೆ ಬರಿಯ ಐತನಾಗಿಯೇ ಉಳಿಯುತ್ತಿತ್ತು. ಹಿರಿಯರನ್ನು ಅಣ್ಣ, ಅಪ್ಪ, ಅಕ್ಕ ಎನ್ನದೆ ಕರೆಯಬಾರದೆಂದು ಮಕ್ಕಳಿಗೆ ಕಲಿಸುವ ನಾಡಿನಲ್ಲಿ, ಎಪ್ಪತ್ತು ವರ್ಷದ ಮುದುಕನನ್ನು ಹತ್ತು ವರ್ಷದ ಹುಡುಗನು ‘ತುಕ್ರಾ’ ಎಂದು ಕೂಗಿ ಕರೆಯುವುದನ್ನು ನಾನು ಬಾಲ್ಯದಲ್ಲಿ ಕಿವಿಯಾರೆ ಕೇಳಿದ್ದೇನೆ. ನಿಮ್ಮ ಮನೆಗೆ ಡಿಕ್ಲರೇಶನ್ನಿನಲ್ಲಿ, ಎಂದರೆ ಒಕ್ಕಲಿನವರು ಕೊಟ್ಟ ಅರ್ಜಿಯ ಮೇಲೆ, ಭೂಮಿ ಬಂದಿದ್ದರೆ ಹಳೆಯ ಪಹಣಿಯನ್ನು ತೆಗೆದು ನೋಡಿ. 1974ರ ಭೂಸುಧಾರಣೆಯ ಬಳಿಕ ಒಕ್ಕಲಿನವರು ಭೂಮಿಯ ಒಡೆಯರೆಂದು ದಾಖಲಾದಾಗ ಅನೇಕ ಕುಟುಂಬಗಳಲ್ಲಿ ಮೊತ್ತಮೊದಲು ಸರಕಾರದ ಕಾಗದಕ್ಕೆ ಏರಿದ ಹೆಸರು ಇಂಥದೇ ಒಂದು ವಾರದ ಹೆಸರಾಗಿತ್ತು.

ಹೀಗಿರುವಾಗ ತುಕ್ರನ ಮಗ ಸುಧಾಕರನಾದದ್ದನ್ನು ಬರಿಯ ಫ್ಯಾಶನ್ ಎನ್ನುವುದು ಸರಿಯಲ್ಲ. ನಿಮ್ಮ ತಂದೆಯವರ ಕಾಲದ ಹಾಜರಿ ಪುಸ್ತಕವನ್ನು ತೆರೆದರೆ ಸುಧಾಕರ, ದಿವಾಕರ, ಪ್ರಭಾಕರ, ರತ್ನಾಕರ, ಕರುಣಾಕರ ಎಂದು ‘ಕರ’ಗಳ ಒಂದು ಸಾಲು, ಸದಾನಂದ, ಜಯಾನಂದ, ದಯಾನಂದ ಎಂದು ‘ಆನಂದ’ಗಳ ಇನ್ನೊಂದು ಸಾಲು, ಹೆಣ್ಣುಮಕ್ಕಳ ಕಡೆಯಲ್ಲಿ ಜಲಜಾಕ್ಷಿ, ಪಂಕಜಾಕ್ಷಿ, ಹರಿಣಾಕ್ಷಿ, ಪುಷ್ಪಾವತಿ ಎಂಬ ಉದ್ದನೆಯ ಹೆಸರುಗಳು ಕಾಣುತ್ತವೆ. ಅದಕ್ಕೆ ಮೊದಲಿನ ಅರ್ಧ ಶತಮಾನದಲ್ಲಿ ಈ ಕರಾವಳಿಯಲ್ಲಿ ಆದದ್ದನ್ನು ನೆನೆಯಬೇಕು: ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ಉಳಿದ ಗುಡಿಗಳ ಹೊರಗೆ ನಿಲ್ಲಬೇಕಾಗಿದ್ದವರಿಗೆ ತಮ್ಮದೇ ಗುಡಿಯ ಬಾಗಿಲು ತೆರೆದರು. ಶಾಲೆಯೂ ಗರ್ಭಗುಡಿಯೂ ಹತ್ತಿರವಾದ ಜನ ತಮ್ಮ ಮಕ್ಕಳಿಗೆ ಸೂರ್ಯಚಂದ್ರರ ಹೆಸರಿಟ್ಟದ್ದು, ಇನ್ನು ಯಾರೂ ಈ ಮಗುವನ್ನು ಹೀನಾಯವಾಗಿ ಕೂಗಲಾರರೆಂಬ ದೃಢತೆಯಿಂದ ಎಂದು ನಾನು ತಿಳಿಯುತ್ತೇನೆ. ಈ ಸಂಸ್ಕೃತ ಹೆಸರುಗಳನ್ನು ಅಕ್ಷರ ಕಲಿಯದವರ ಕಿವಿಗೂ ಮುಟ್ಟಿಸಿದ್ದು ಯಕ್ಷಗಾನ. ಬಯಲಿನಲ್ಲಿ ಕುಳಿತು ರಾತ್ರಿಯಿಡೀ ಆಟ ನೋಡಿದ ಕೃಷಿಕನಿಗೆ ಸುಧನ್ವನೂ ಬಬ್ರುವಾಹನನೂ ಮನೆಯವರಷ್ಟೇ ಪರಿಚಿತರಾಗಿದ್ದರು. ಚಂದ್ರಹಾಸ ಎಂಬ ಹೆಸರು ನಮ್ಮ ಕರಾವಳಿಯಲ್ಲಿ ಇಷ್ಟೊಂದು ಮನೆಗಳಲ್ಲಿ ಇರುವುದಕ್ಕೆ ರಂಗಸ್ಥಳವೇ ಕಾರಣವೆಂಬುದು ನನ್ನ ಗಟ್ಟಿಯಾದ ನಂಬಿಕೆ.

ನಿಮ್ಮ ಸ್ವಂತ ಹೆಸರಿನ ಕಾಲಕ್ಕೆ ಹೆಸರುಗಳು ಮೊಟಕಾದವು. ರಕ್ಷಿತ, ರಂಜಿತ, ಲಿಖಿತ ಎಂಬ ಸಂಸ್ಕೃತದ ಕೃದಂತಗಳು ಕೊನೆಯ ಸ್ವರವನ್ನು ಬಿಟ್ಟು ರಕ್ಷಿತ್, ರಂಜಿತ್, ಲಿಖಿತ್ ಎಂದಾದವು. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುವುದು. ಹೀಗೆ ವ್ಯಂಜನದಲ್ಲಿ ನಿಲ್ಲಿಸುವ ಉಚ್ಚಾರ ಹಿಂದಿಯ ಕಡೆಯದು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಬರುತ್ತಿದ್ದವರು, ಹಿಂದಿ ಸಿನೆಮಾ, ಕ್ರಿಕೆಟ್, ಆಮೇಲೆ ಟಿವಿ, ಇವೆಲ್ಲವೂ ಆ ಕಿವಿಯನ್ನು ನಮಗೆ ತಂದುಕೊಟ್ಟವು. ಮಂಗಳೂರಿನಲ್ಲೇ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದರು. ಅದಾಗಿ ಹತ್ತು ಹದಿನೈದು ವರ್ಷಗಳಲ್ಲಿ ನನ್ನ ತರಗತಿಗಳ ಹಾಜರಿಯಲ್ಲಿ ಒಬ್ಬಳಾದರೂ ಐಶ್ವರ್ಯಾ ಇದ್ದೇ ಇರುತ್ತಿದ್ದಳು. 2011ರಲ್ಲಿ ಹುಟ್ಟಿದ ಅವರ ಮಗಳಿಗೆ ಆರಾಧ್ಯಾ ಎಂದು ಹೆಸರಿಟ್ಟ ಬಳಿಕ ಅಂಗನವಾಡಿಗಳಲ್ಲಿ ಆರಾಧ್ಯಾ ಎಂಬ ಮಕ್ಕಳನ್ನೂ ಕಂಡಿದ್ದೇನೆ. ತಾಯಿಯ ಹೆಸರು ಒಂದು ತಲೆಮಾರಿಗೆ, ಮಗಳ ಹೆಸರು ಮುಂದಿನ ತಲೆಮಾರಿಗೆ.

ಇನ್ನು ವಿಹಾನ್. ಹಿಂದಿಯಲ್ಲಿ ಈ ಪದಕ್ಕೆ ನಸುಕು, ಬೆಳಗು ಎಂಬ ಅರ್ಥವಿದೆ. ಅಂದರೆ ನಿಮ್ಮ ಅಜ್ಜನಿಗೂ ಮಗನಿಗೂ ನೀವು ಎಣಿಸಿದಷ್ಟು ದೂರವಿಲ್ಲ. ಅಜ್ಜನಿಗೆ ವಾರದ ಹೆಸರು ಬಂದಿತ್ತು, ಅವರ ಮರಿಮಗನಿಗೆ ಹೊತ್ತಿನ ಹೆಸರು ಬರುತ್ತಿದೆ. ಇಬ್ಬರೂ ಕಾಲದಿಂದಲೇ ಹೆಸರು ಪಡೆದವರು. ಮೊದಲಿನದು ತಾನಾಗಿ ಒದಗಿತು, ಎರಡನೆಯದನ್ನು ತಾಯಿ ಪ್ರೀತಿಯಿಂದ ಹುಡುಕಿ ತಂದಿದ್ದಾರೆ. ಮನೆಯ ಹಿರಿಯರು ಹೇಗೂ ‘ವಿಹಾನೆ ಬತ್ತೆ’ (ವಿಹಾನ್ ಬಂದ) ಎಂದು ತುಳುವಿನ ಏಕಾರ ಸೇರಿಸಿಯೇ ಹೇಳುತ್ತಾರೆ, ‘ತುಕ್ರೆ ಬತ್ತೆ’ ಎಂದಂತೆ. ಹೆಂಡತಿಯ ಆಸೆಯನ್ನು ನಡೆಸಿಕೊಡಿ. ಪಹಣಿಯ ಪ್ರತಿಯನ್ನು ಮಾತ್ರ ಜೋಪಾನವಾಗಿಡಿ.

ಪ್ರಶ್ನೆ: ನಮ್ಮ ಮಗಳದು ಹಸ್ತಾ ನಕ್ಷತ್ರದ ಮೂರನೆಯ ಪಾದ. ‘ಣ’ ಅಕ್ಷರದಿಂದ ಹೆಸರು ಇಡಬೇಕೆಂದು ಪಂಚಾಂಗದಲ್ಲಿದೆ. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಅರ್ಥವಿರುವ ಒಂದು ಹೆಸರೂ ಸಿಗಲಿಲ್ಲ. ಅತ್ತೆಯವರು ಅಕ್ಷರ ಬಿಡಬಾರದೆನ್ನುತ್ತಾರೆ. ಏನು ಮಾಡಲಿ? (ಉಡುಪಿ)

ಉತ್ತರ: ಸಿಗುವುದೂ ಇಲ್ಲ, ಏಕೆಂದರೆ ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ಬಳಕೆಯ ಪದಗಳು ಣಕಾರದಿಂದ ಆರಂಭವಾಗುವುದಿಲ್ಲ. ಇಪ್ಪತ್ತೇಳು ನಕ್ಷತ್ರಗಳ ನಾಲ್ಕು ನಾಲ್ಕು ಪಾದಗಳಿಗೆ ಒಟ್ಟು 108 ಅಕ್ಷರಗಳನ್ನು ಹಂಚಿರುವ ಈ ಪಟ್ಟಿಯಲ್ಲಿ ಆರ್ದ್ರಾ ನಕ್ಷತ್ರಕ್ಕೆ ‘ಙ’ ಕೂಡ ಬಂದಿದೆ. ಅದರಿಂದ ಯಾರಿಗೆ ಹೆಸರಿಡಲು ಸಾಧ್ಯ? ಹಸ್ತಾ ನಕ್ಷತ್ರದ ಅಕ್ಷರಗಳು ಪು, ಷ, ಣ, ಠ. ಹೀಗೆ ತೊಡಕಾದಾಗ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರವನ್ನು ಹಿಡಿಯುವುದು ಪುರೋಹಿತರಲ್ಲೇ ಇರುವ ರೂಢಿಯಾದ್ದರಿಂದ, ನೀವು ‘ಪು’ ಹಿಡಿದು ಪುಣ್ಯಾ, ಪುನೀತಾ, ಪೂರ್ಣಿಮಾ ಎಂಬ ಹೆಸರುಗಳನ್ನು ಅತ್ತೆಯವರ ಮುಂದಿಡಬಹುದು. ನಮ್ಮ ಅಜ್ಜಿಯಂದಿರ ಪೂವಕ್ಕ ಎಂಬ ಹೆಸರೂ ಇದೇ ಅಕ್ಷರದ್ದು. ತುಳುವಿನ ‘ಪೂ’ ಎಂದರೆ ಹೂವು; ಮುಂದಿನ ತಲೆಮಾರಿನ ಪುಷ್ಪಾ ಎಂಬ ಹೆಸರು ಅದರ ಸಂಸ್ಕೃತ ರೂಪ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಕ್ಷತ್ರದ ಅಕ್ಷರದಿಂದಲೇ ಕರೆಯುವ ಹೆಸರನ್ನೂ ಇಡಬೇಕೆಂಬ ಹಟ ನಮ್ಮ ಕಡೆ ಇತ್ತೀಚೆಗೆ ಬಲಿತದ್ದು. ಹಿಂದೆ ನಾಮಕರಣದಲ್ಲಿ ಮಾಸನಾಮ, ದೇವತಾನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ಬೇರೆ ಬೇರೆ ಹೆಸರುಗಳನ್ನು ಹೇಳುತ್ತಿದ್ದರು. ನಕ್ಷತ್ರನಾಮ ಜಾತಕದಲ್ಲೂ ಸಂಕಲ್ಪದಲ್ಲೂ ಉಳಿಯುತ್ತಿತ್ತು, ಊರವರು ಕರೆಯುವುದು ಅಜ್ಜನ ಹೆಸರೋ ಕುಲದೇವರ ಹೆಸರೋ ಆಗಿರುತ್ತಿತ್ತು. ಸಾಲಿಗ್ರಾಮದ ಸುತ್ತ ನರಸಿಂಹ, ಉಡುಪಿಯ ಸುತ್ತ ಕೃಷ್ಣ, ವಾದಿರಾಜ ಎಂಬ ಹೆಸರುಗಳು ಮನೆಮನೆಯಲ್ಲಿರುವುದು ಹೀಗೆಯೇ. ನಿಮ್ಮೂರಿನ ಬಳಿಯ ಪಾಜಕದಲ್ಲಿ ಹುಟ್ಟಿದ ಆಚಾರ್ಯರನ್ನೇ ನೋಡಿ: ತಂದೆತಾಯಿ ಇಟ್ಟದ್ದು ವಾಸುದೇವ, ಸಂನ್ಯಾಸದಲ್ಲಿ ಬಂದದ್ದು ಪೂರ್ಣಪ್ರಜ್ಞ, ಪಟ್ಟವೇರಿದಾಗ ಆನಂದತೀರ್ಥ, ಜಗತ್ತು ಅರಿತದ್ದು ಮಧ್ವ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಗೃಹ್ಯಸೂತ್ರಗಳು ಹೆಸರಿನ ಬಗ್ಗೆ ಕೊಡುವ ಸೂಚನೆಗಳೂ ಬೇರೆ ಬಗೆಯವು. ಗಂಡುಮಗುವಿನ ಹೆಸರಿಗೆ ಸಮಸಂಖ್ಯೆಯ ಅಕ್ಷರಗಳು, ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳು ಇರಬೇಕೆಂಬುದು ಅವುಗಳಲ್ಲಿ ಒಂದು.

ಮೊಬೈಲಿನಲ್ಲಿ ಅಕ್ಷರ ಒತ್ತಿ ಹುಡುಕುವಾಗ ಅರ್ಥದ ಬಗ್ಗೆ ಎಚ್ಚರಿಕೆಯಿರಲಿ. ಒಂದೇ ಪಟ್ಟಿಯಿಂದ ಎಲ್ಲರೂ ಆರಿಸುವುದರಿಂದ, ಅಪರೂಪದ್ದೆಂದು ಹುಡುಕಿ ತಂದ ಹೆಸರೇ ಬಾಲವಾಡಿಯಲ್ಲಿ ನಾಲ್ವರಿಗಿರುತ್ತದೆ. ಅದ್ವಿಕ್ ಎಂಬುದಕ್ಕೆ ‘ಸಾಟಿಯಿಲ್ಲದವನು’ ಎಂದು ಬರೆದಿರುತ್ತಾರೆ. ಆ ಅರ್ಥಕ್ಕೆ ಸಂಸ್ಕೃತದಲ್ಲಿರುವ ಪದ ಅದ್ವಿತೀಯ. ಶ್ರೇಯಾನ್ ಎಂಬುದು ಹೊಸದಾಗಿ ಕೇಳಿಸಿದರೂ ಶುದ್ಧವಾದ ಪದ, ‘ಹೆಚ್ಚು ಉತ್ತಮನಾದವನು’ ಎಂದು ಅದರ ಅರ್ಥ. ಕೇಳಲು ಒಂದೇ ತೆರನಾಗಿರುವ ಎರಡು ಹೆಸರುಗಳಲ್ಲಿ ಒಂದಕ್ಕೆ ಬೇರು ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ.

ಪ್ರಶ್ನೆ: ನನ್ನ ಮುತ್ತಜ್ಜಿಯ ಹೆಸರು ಕೊರಪೊಳು ಎಂದು ಹಳೆಯ ಕಾಗದವೊಂದರಲ್ಲಿ ಸಿಕ್ಕಿತು. ನಾವು ಕೊರಗ ಸಮುದಾಯದವರಲ್ಲ. ಮನೆಯಲ್ಲಿ ಕೇಳಿದರೆ ಹಿರಿಯರು ಮಾತು ಬದಲಿಸುತ್ತಾರೆ. ಈ ಹೆಸರು ಹೇಗೆ ಬಂತು? (ಪುತ್ತೂರು)

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಹೆಸರು ತಿಳಿದವರ ಕಾಲ ಮುಗಿಯುತ್ತಾ ಬಂದಿದೆ. ತುಳುನಾಡಿನಲ್ಲಿ ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡಾಗ, ಅಥವಾ ಕೂಸು ಕಾಯಿಲೆಯಿಂದ ಏಳದಿದ್ದಾಗ, ಮೇಲುಜಾತಿಯ ಮನೆಗಳವರೂ ಅದನ್ನು, ಅಸ್ಪೃಶ್ಯರೆಂದು ತಾವು ದೂರವಿಟ್ಟಿದ್ದ ಕೊರಗ ಸಮುದಾಯದ ತಾಯಿಯೊಬ್ಬಳ ಮಡಿಲಿಗೆ ಹಾಕಿ, ಅವಳಿಂದ ಹಾಲೂಡಿಸಿ, ಗಂಡಾದರೆ ಕೊರಗ, ಹೆಣ್ಣಾದರೆ ಕೊರಪೊಳು ಎಂದು ಹೆಸರಿಡಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಮಗು ಬದುಕುತ್ತದೆಂಬ ನಂಬಿಕೆಯಿತ್ತು. ಬೇರೆ ಸಮುದಾಯಗಳಲ್ಲಿ ಕಾಣುವ ಕೊರಗಪ್ಪ ಎಂಬ ಹೆಸರಿನ ಹಿಂದೆಯೂ ಇಂಥ ಕಥೆ ಇರುವುದುಂಟು.

ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ತನ್ನ ಎದೆಹಾಲನ್ನೂ ತನ್ನ ಕುಲದ ಹೆಸರನ್ನೂ ಕೊಟ್ಟ ಆ ತಾಯಿಯನ್ನು ಮನೆಯ ಹೊಸ್ತಿಲಿನೊಳಗೆ ಬಿಡುತ್ತಿರಲಿಲ್ಲ. ಇದೇ ನಂಬಿಕೆಗಳ ಇನ್ನೊಂದು ಮುಖ ಅಜಲು ಪದ್ಧತಿ: ತಮ್ಮ ಮನೆಯವರಿಗೆ ಬರುವ ಕೇಡು ಕೊರಗರಿಗೆ ದಾಟಿ ಹೋಗಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುತ್ತಿದ್ದರು. ಕರ್ನಾಟಕ ಸರಕಾರ 2000ನೇ ಇಸವಿಯ ಕಾನೂನಿನ ಮೂಲಕ ಅಜಲನ್ನು ನಿಷೇಧಿಸಬೇಕಾಯಿತು. ನಿಮ್ಮ ಹಿರಿಯರು ಮಾತು ಬದಲಿಸುವುದು ಆ ಹೆಸರು ಕೀಳೆಂಬ ಭಾವನೆಯಿಂದಾದರೆ ಅವರಿಗೆ ಇಷ್ಟನ್ನು ತಿಳಿಸಿ: ನಿಮ್ಮ ಮುತ್ತಜ್ಜಿ ಬದುಕಿ ಉಳಿದದ್ದು ಆ ತಾಯಿಯ ಕೃಪೆಯಿಂದ ಎಂದೇ ಆ ಮನೆಯವರು ಅಂದು ನಂಬಿದ್ದರು, ಆ ಹೆಸರು ಅದರ ಗುರುತು. ವಂಶವೃಕ್ಷ ಬರೆಸುವಾಗ ಅದನ್ನು ತಿದ್ದಬೇಡಿ.

ಪ್ರಶ್ನೆ: ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಅಜ್ಜಂದಿರ ಹೆಸರು ಹಸನಬ್ಬ, ಮೋನಬ್ಬ, ಅಜ್ಜಿಯಂದಿರದು ಐಸಮ್ಮ, ಕದೀಜಮ್ಮ. ಈಗಿನ ಮಕ್ಕಳು ಝೈನ್, ಅಯಾನ್, ರಿಹಾನ್. ‘ಅಬ್ಬ’ ಎಲ್ಲಿ ಹೋಯಿತು? (ಉಳ್ಳಾಲ)

ಉತ್ತರ: ತುಳುವರ ಅಣ್ಣ, ಅಪ್ಪಗಳು ಹೋದ ದಾರಿಯಲ್ಲೇ ಹೋಯಿತು. ಅರಬ್ಬಿ ಹೆಸರುಗಳು ಬ್ಯಾರಿಗಳ ನಾಲಗೆಯಲ್ಲಿ ಕರಾವಳಿಯ ಹೆಸರುಗಳೇ ಆಗಿದ್ದವು. ಅಬೂಬಕ್ಕರ್ ಪೋಕರ್ ಆಗಿದ್ದರು, ಅಬ್ದುಲ್ ರಹ್ಮಾನ್ ಅದ್ರಾಮ ಆಗಿದ್ದರು, ಆಯಿಶಾ ನೆರೆಮನೆಯ ಲಕ್ಷ್ಮಮ್ಮನಂತೆ ಅಮ್ಮನನ್ನು ಸೇರಿಸಿಕೊಂಡು ಐಸಮ್ಮ ಆಗಿದ್ದರು. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಪಾಸ್‌ಪೋರ್ಟಿನ ಹೆಸರನ್ನು ಅರಬ್ಬರು ಓದುವುದನ್ನು ಕೇಳಿ ಬಂದರು, ಇತ್ತ ಮದರಸದ ಕಲಿಕೆಯೂ ಬೆಳೆಯಿತು, ಮೂಲದ ಉಚ್ಚಾರವೇ ಸರಿಯೆಂಬ ಭಾವನೆ ಗಟ್ಟಿಯಾಯಿತು. ಇಂದಿನ ಆಯಿಶಾ ಎಂಬ ಮಗುವಿನ ಹೆಸರು ಹೊಸದೇನೂ ಅಲ್ಲ, ಐಸಮ್ಮಜ್ಜಿಯ ಹೆಸರೇ ಅಮ್ಮನನ್ನು ಬಿಟ್ಟು ಮರಳಿ ಬಂದದ್ದು. ಕನ್ನಡದ ಕವಿಯೂ ಉಳ್ಳಾಲದ ಶಾಸಕರೂ ಆಗಿದ್ದ ಬಿ.ಎಂ. ಇದಿನಬ್ಬರ ಹೆಸರನ್ನು ಕೇಳಿದೊಡನೆ ಇವರು ನಮ್ಮ ಕರಾವಳಿಯವರೆಂದು ಯಾರಿಗೂ ತಿಳಿಯುತ್ತಿತ್ತು. ಝೈನ್ ಎಂದರೆ ಆ ಗುರುತು ಸಿಗುವುದಿಲ್ಲ; ಇದೊಂದು ನಷ್ಟವೆಂದು ನಾನು ಒಪ್ಪುತ್ತೇನೆ.

ಪ್ರಶ್ನೆ: ನನ್ನ ಅಜ್ಜನ ಹೆಸರು ಪಾಸ್ಕು. ತಮ್ಮನ ಮಗಳಿಗೆ ಪ್ರಾರ್ಥನಾ ಎಂದು ಹೆಸರಿಟ್ಟಿದ್ದಾರೆ. ಸಂತರ ಹೆಸರಿಲ್ಲದೆ ದೀಕ್ಷಾಸ್ನಾನ ಕೊಡಬಹುದೇ ಎಂದು ನನ್ನ ತಾಯಿಗೆ ಚಿಂತೆ. (ಬಜಪೆ)

ಉತ್ತರ: ತಾಯಿಯವರ ಚಿಂತೆಗೆ ಆಧಾರವಿದೆ, ಆದರೆ ಅದು ಹಳೆಯ ನಿಯಮದ್ದು. ಕಥೋಲಿಕ ಧರ್ಮಸಭೆಯ 1917ರ ಕಾನೂನು ಸಂಹಿತೆಯಲ್ಲಿ ಮಗುವಿಗೆ ಕ್ರೈಸ್ತ ಹೆಸರು ಇಡುವಂತೆ ಧರ್ಮಗುರುಗಳು ನೋಡಿಕೊಳ್ಳಬೇಕೆಂದಿತ್ತು. 1983ರ ಸಂಹಿತೆಯಲ್ಲಿರುವುದು ಇಷ್ಟೇ: ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿ, ದೀಕ್ಷಾಸ್ನಾನದ ತಂದೆತಾಯಿ ಮತ್ತು ಧರ್ಮಗುರುಗಳು ಎಚ್ಚರ ವಹಿಸಬೇಕು. ಪ್ರಾರ್ಥನಾ ಎಂಬ ಹೆಸರಿನಲ್ಲಿ ಹೊರತಾದುದು ಏನಿದೆ? ಬಾಸೆಲ್ ಮಿಷನ್ನಿನ ಕಾಲದಿಂದಲೂ ನಮ್ಮ ಪ್ರೊಟೆಸ್ಟಂಟರಲ್ಲಿ ಹಳೆಯ ಹೆಸರು ಉಳಿಸಿಕೊಂಡವರಿದ್ದಾರೆ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೊಸ ಹೆಸರನ್ನು ಮುಂದಿಟ್ಟುಕೊಂಡು ಆನಂದರಾವ್ ಆಗಿಯೇ ಉಳಿದರು.

ಅಜ್ಜನ ಹೆಸರಿನ ಅರ್ಥವನ್ನು ತಾಯಿಗೆ ತಿಳಿಸಿದರೆ ಸಂತೋಷಪಟ್ಟಾರು. ಪಾಸ್ಕು ಎಂಬುದು ಪೋರ್ಚುಗೀಸರ ಪಾಸ್ಕೋಲ್, ಅಂದರೆ ಈಸ್ಟರ್ ಹಬ್ಬದ ಹೆಸರು. ಕ್ರಿಸ್ಮಸ್ಸಿಗೆ ನತಾಲ್ ಎಂಬ ಹೆಸರಿದ್ದಂತೆ ಇದೂ ಹಬ್ಬದಿಂದ ಬಂದದ್ದು. ಮೇಲಿನ ತುಕ್ರಜ್ಜನಿಗೂ ಈ ಪಾಸ್ಕು ಅಜ್ಜನಿಗೂ ಹೆಸರು ಬಂದ ದಾರಿ ಹೆಚ್ಚುಕಡಿಮೆ ಒಂದೇ.

ಪ್ರಶ್ನೆ: ಮಗಳಿಗೆ ಸಿರಿ ಎಂದು ಹೆಸರಿಟ್ಟೆವು. ಫೋನಿನೊಳಗೆ ಮಾತನಾಡುವವಳ ಹೆಸರಲ್ಲವೇ ಎಂದು ಬಂದವರೆಲ್ಲ ಕೇಳುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಇನ್ನೂ ಬರೆಸಿಲ್ಲ. ಬದಲಿಸುವುದು ಮೇಲೇ? (ಕಾರ್ಕಳ)

ಉತ್ತರ: ದಯವಿಟ್ಟು ಬದಲಿಸಬೇಡಿ. ಆಪಲ್ ಕಂಪೆನಿಯ ಫೋನಿಗೆ ಆ ಧ್ವನಿ ಬಂದದ್ದು 2011ರಲ್ಲಿ, ಅದು ನಾರ್ವೆಯ ಕಡೆಯ ಹೆಣ್ಣುಮಕ್ಕಳ ಹೆಸರು. ನಿಮ್ಮ ಮಗಳ ಹೆಸರು ಸಂಸ್ಕೃತದ ‘ಶ್ರೀ’ಯಿಂದ ಬಂದ ಹಳಗನ್ನಡದ ಪದ, ಅದಕ್ಕೂ ಮಿಗಿಲಾಗಿ, ನಿಮ್ಮ ನೆರೆಯ ಹಿರಿಯಡ್ಕದಲ್ಲಿ, ನಂದಳಿಕೆಯಲ್ಲಿ, ಕವತ್ತಾರಿನಲ್ಲಿ ವರ್ಷವರ್ಷವೂ ಜಾತ್ರೆಯ ರಾತ್ರಿ ನೂರಾರು ಹೆಂಗಸರು ಆವೇಶದಿಂದ ಕೂಗುವ ಹೆಸರು. ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನ, ಅಂದರೆ ಸಿರಿಯ ಕಥೆ ಹೇಳುವ ತುಳು ಹಾಡು, 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಿತ್ತು. ಅಜ್ಜ ಬೆರ್ಮು ಆಳ್ವನಿಗೆ ದೈವಕೃಪೆಯಿಂದ ದೊರೆತ ಸಿರಿ, ಗಂಡನ ಅನ್ಯಾಯವನ್ನು ಸಹಿಸದೆ ಅವನನ್ನು ತೊರೆದು ತಲೆಯೆತ್ತಿ ನಡೆದವಳು. ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಚೆನ್ನೆಮಣೆ ಆಡುತ್ತಾ ಆ ಅವಳಿಗಳಿಗೆ ಒದಗಿದ ದುರಂತದಿಂದಾಗಿ ಒಡಹುಟ್ಟಿದವರು ಚೆನ್ನೆ ಆಡಬಾರದೆಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಬಹಳ ಕಾಲ ಜಾತ್ರೆಯ ಅಂಗಳದಲ್ಲೇ ಉಳಿದಿದ್ದ ಈ ಹೆಸರು ಈಗ ತೊಟ್ಟಿಲಿಗೆ ಬಂದಿರುವುದು ನನಗೆ ಅತ್ಯಂತ ಸಂತೋಷದ ಸಂಗತಿ.

ಪ್ರಮಾಣಪತ್ರದ ವಿಚಾರವನ್ನು ಮಾತ್ರ ಮುಂದೂಡಬೇಡಿ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ, ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಬಳಿಕ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಹಿಂದೆ ಶಾಲೆಗೆ ಸೇರಿಸುವ ದಿನ ಮಾಸ್ಟ್ರು ಬರೆದದ್ದೇ ಹೆಸರಾಗುತ್ತಿತ್ತು. 2023ರ ಅಕ್ಟೋಬರ್ 1ರಂದು ತಿದ್ದುಪಡಿ ಜಾರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅರ್ಜಿ ಕೊಡುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಸ್ಪಷ್ಟವಾಗಿ ಬರೆದುಕೊಡಿ, ಕಂಪ್ಯೂಟರಿನಲ್ಲಿ ದಾಖಲಿಸುವ ಮೊದಲು ಒಮ್ಮೆ ತೋರಿಸುವಂತೆ ಕೇಳಿ, ‘ಸಿ’ಯು ‘ಶಿ’ ಆಗದಂತೆ ನೋಡಿಕೊಳ್ಳಿ.